ಅರ್ಧ ನಿಮಿಷದ ಓಟಕ್ಕೆ ಎರಡು ವರ್ಷದ ಆರೈಕೆ

ಬ್ರಿಟನ್ನಿನ ನಾಯಿ ಓಟಗಳಲ್ಲಿ ಅತಿ ದೊಡ್ಡದಾದ ಇಂಗ್ಲಿಷ್ ಗ್ರೇಹೌಂಡ್ ಡರ್ಬಿಯ ಫೈನಲ್ ಅರ್ಧ ನಿಮಿಷದೊಳಗೆ ಮುಗಿದುಹೋಗುತ್ತದೆ. ಚಾರ್ಲಿ ಲಿಸ್ಟರ್ ಎಂಬ ಟ್ರೇನರ್ 1997ರಿಂದ 2013ರ ನಡುವೆ ಈ ಡರ್ಬಿಯನ್ನು ಏಳು ಸಲ ಗೆದ್ದರು. ಬೇರೆ ಯಾರೂ ಅಷ್ಟು ಸಲ ಗೆದ್ದಿಲ್ಲ. ಆ ಏಳೂ ಫೈನಲ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಕೂಡಿಸಿದರೆ ಮೂರೂಕಾಲು ನಿಮಿಷದ ಆಸುಪಾಸು ಬರುತ್ತದೆ. ಬಿಸಿ ಕಾಫಿ ಒಂದು ಲೋಟ ಕುಡಿದು ಮುಗಿಸಲೂ ಸಾಲದ ಹೊತ್ತು. ಅಷ್ಟು ಹೊತ್ತಿನ ಓಟಕ್ಕಾಗಿ ಒಬ್ಬ ಮನುಷ್ಯ ತನ್ನ ಇಡೀ ಬದುಕನ್ನು ನಾಯಿಗೂಡುಗಳ ನಡುವೆ ಕಳೆಯುತ್ತಾನೆ ಎಂದರೆ, ಅವನು ದಿನವಿಡೀ ಮಾಡುವುದಾದರೂ ಏನು?

ಓಡುವುದನ್ನು ಕಲಿಸುತ್ತಾನೆ ಅಂದುಕೊಂಡರೆ ತಪ್ಪು. ಗ್ರೇಹೌಂಡ್‌ಗೆ ಓಟ ಕಲಿಸಬೇಕಿಲ್ಲ. ಅದು ವಾಸನೆ ಹಿಡಿದು ಹೋಗುವ ನಾಯಿಯಲ್ಲ, ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುವ ನಾಯಿ. ನಮ್ಮ ಮುಧೋಳ ನಾಯಿಯೂ ಇದೇ ಗುಂಪಿನದು: ಉದ್ದ ಮೂತಿ, ಇಳಿಬಿದ್ದ ಎದೆ, ಬೆನ್ನಿಗೆ ಅಂಟಿಕೊಂಡಂಥ ಹೊಟ್ಟೆ, ದೂರದಲ್ಲಿ ಏನಾದರೂ ಮಿಸುಕಿದರೆ ಸಾಕು ಸೆಟೆದು ನಿಲ್ಲುವ ಕಿವಿ. ಬಾಗಲಕೋಟೆ ಕಡೆಯ ಹೊಲಗಳಲ್ಲಿ ಅದು ಓಡುವುದನ್ನು ನೋಡಿದವರಿಗೆ ಗ್ರೇಹೌಂಡ್ ಹೇಗೆ ಓಡುತ್ತದೆ ಎಂದು ವಿವರಿಸಬೇಕಾಗಿಲ್ಲ. ಒಂದೊಂದು ನೆಗೆತದಲ್ಲೂ ಎರಡೆರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಗಂಟೆಗೆ ಅರವತ್ತು ಕಿಲೋಮೀಟರಿಗೂ ಮೀರಿದ ವೇಗ. ಇದೆಲ್ಲ ಹುಟ್ಟಿನಿಂದ ಬಂದದ್ದು.

ಟ್ರೇನರ್‌ನ ಕೆಲಸ ಇದಕ್ಕೆ ತಿರುವುಮುರುವು. ಓಡಲು ಸದಾ ತುದಿಗಾಲಲ್ಲಿ ನಿಂತಿರುವ ಈ ಪ್ರಾಣಿಯನ್ನು ಯಾವತ್ತು ಓಡಿಸಬಾರದು ಎಂದು ತೀರ್ಮಾನಿಸುವುದು ಅವನ ಕಸುಬು. ಕಾಲು ನೋಯುತ್ತಿದ್ದರೂ ಗ್ರೇಹೌಂಡ್ ಓಡುತ್ತದೆ. ತನಗೆ ಆಗುವುದಿಲ್ಲ ಎಂದು ಅದು ಹೇಳುವುದಿಲ್ಲ. ಅದರ ಪರವಾಗಿ ಹೇಳಬೇಕಾದವನು ಟ್ರೇನರ್. ದೊಡ್ಡ ಟ್ರೇನರ್‌ಗಳನ್ನೂ ಸಾಧಾರಣ ಟ್ರೇನರ್‌ಗಳನ್ನೂ ಬೇರ್ಪಡಿಸುವ ಗೆರೆ ಇದೇ ಎಂದು ನಾನು ನಂಬಿದ್ದೇನೆ.

ಮೊದಲು ಆಟವನ್ನು ಸ್ವಲ್ಪ ತಿಳಿದುಕೊಳ್ಳೋಣ. ಬಯಲಿನಲ್ಲಿ ಜೀವಂತ ಮೊಲದ ಹಿಂದೆ ಎರಡು ನಾಯಿ ಬಿಡುವ ಪದ್ಧತಿ ಇಂಗ್ಲೆಂಡಿನಲ್ಲಿ ಹಳೆಯದು. ಅಮೆರಿಕದ ಓವನ್ ಪ್ಯಾಟ್ರಿಕ್ ಸ್ಮಿತ್ ಎಂಬವರು ಹಳಿಯ ಮೇಲೆ ಓಡುವ ಯಂತ್ರದ ಮೊಲವನ್ನು ರೂಪಿಸಿದ ಮೇಲೆ ಆಟ ಬಯಲಿನಿಂದ ಮೊಟ್ಟೆಯಾಕಾರದ ಟ್ರ್ಯಾಕಿಗೆ ಬಂತು. ಬ್ರಿಟನ್ನಿನಲ್ಲಿ ಅಂಥ ಮೊದಲ ರೇಸ್ ನಡೆದದ್ದು 1926ರ ಜುಲೈ 24ರಂದು, ಮ್ಯಾಂಚೆಸ್ಟರಿನ ಬೆಲ್ ವೂ ಟ್ರ್ಯಾಕಿನಲ್ಲಿ. ಮರುವರ್ಷವೇ ಲಂಡನ್ನಿನ ವೈಟ್ ಸಿಟಿಯಲ್ಲಿ ಡರ್ಬಿ ಶುರುವಾಯಿತು. ಬ್ರಿಟನ್ನಿನಲ್ಲಿ ಒಂದು ರೇಸಿಗೆ ಆರು ನಾಯಿ. ಒಂದೊಂದಕ್ಕೂ ಒಂದೊಂದು ಟ್ರಾಪ್, ಅಂದರೆ ಮುಂದಿನ ಬಾಗಿಲು ಮೇಲಕ್ಕೆ ಹಾರುವ ಇಕ್ಕಟ್ಟಾದ ಪೆಟ್ಟಿಗೆ. ಒಂದನೇ ಟ್ರಾಪಿನ ನಾಯಿಗೆ ಕೆಂಪು ಅಂಗಿ, ಎರಡಕ್ಕೆ ನೀಲಿ, ಮೂರಕ್ಕೆ ಬಿಳಿ, ನಾಲ್ಕಕ್ಕೆ ಕಪ್ಪು, ಐದಕ್ಕೆ ಕಿತ್ತಳೆ, ಆರಕ್ಕೆ ಕಪ್ಪು-ಬಿಳುಪು ಪಟ್ಟೆ. ಮರಳು ಹಾಸಿದ ಟ್ರ್ಯಾಕಿನಲ್ಲಿ ಎಡಕ್ಕೆ ತಿರುಗುತ್ತ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಓಟ.

ಇನ್ನು ದುಡ್ಡಿನ ಲೆಕ್ಕ. ಇದು ಗೊತ್ತಿಲ್ಲದೆ ಟ್ರೇನರ್‌ನ ಬದುಕು ಅರ್ಥವಾಗುವುದಿಲ್ಲ. ನಾಯಿ ಸಾಮಾನ್ಯವಾಗಿ ಟ್ರೇನರ್‌ನದಲ್ಲ, ಬೇರೆ ಮಾಲೀಕರದು. ನಾಯಿಯನ್ನು ಟ್ರೇನರ್ ಬಳಿ ಬಿಟ್ಟು ದಿನಕ್ಕಿಷ್ಟು ಎಂದು ಅವರು ಸಾಕಣೆ ಖರ್ಚು ಕೊಡುತ್ತಾರೆ. ಟ್ರ್ಯಾಕಿನ ಆಡಳಿತ ಟ್ರೇನರ್ ಜೊತೆ ಒಪ್ಪಂದ ಮಾಡಿಕೊಳ್ಳುತ್ತದೆ: ವಾರಕ್ಕೆ ಇಷ್ಟು ನಾಯಿಗಳನ್ನು ಓಟಕ್ಕೆ ಒದಗಿಸಬೇಕು, ಅದಕ್ಕೆ ಇಷ್ಟು ಹಣ. ಟ್ರ್ಯಾಕಿಗೆ ಅಷ್ಟೊಂದು ಓಟ ಯಾಕೆ ಬೇಕು ಎಂದರೆ ಬೆಟ್ಟಿಂಗ್ ಅಂಗಡಿಗಳಿಗಾಗಿ. 1960ರ ದಶಕದಲ್ಲಿ ಬ್ರಿಟನ್ನಿನ ಬೀದಿಬೀದಿಯಲ್ಲಿ ಬೆಟ್ಟಿಂಗ್ ಅಂಗಡಿಗಳು ತೆರೆದುಕೊಂಡವು. ಕುದುರೆ ರೇಸ್ ಇಲ್ಲದ ಹೊತ್ತಿನಲ್ಲೂ ಗಿರಾಕಿ ಪಣ ಕಟ್ಟುವಂತಿರಬೇಕು. ಆ ಖಾಲಿ ಹೊತ್ತನ್ನು ತುಂಬಲು ನಾಯಿ ಓಟ ಬಂತು. ಇವತ್ತಿಗೂ ಹೆಚ್ಚಿನ ಓಟಗಳು ನಡೆಯುವುದು ಬೆಳಗ್ಗೆ, ಮಧ್ಯಾಹ್ನ. ಗ್ಯಾಲರಿಯಲ್ಲಿ ಜನ ಬೆರಳೆಣಿಕೆಯಷ್ಟು. ಸಾಮಾನ್ಯ ಟ್ರೇನರ್‌ನ ವೃತ್ತಿಜೀವನದ ಮುಕ್ಕಾಲು ಪಾಲು ಕಳೆಯುವುದು ಈ ಗ್ರೇಡ್ ಓಟಗಳಲ್ಲೇ.

ಗ್ರೇಡ್ ಅಂದರೆ ಒಂದು ಬಗೆಯ ಶಾಲೆಯ ತರಗತಿ. ಆಯಾ ಟ್ರ್ಯಾಕಿನಲ್ಲಿ ನಾಯಿಯ ಸಮಯ ನೋಡಿ ಎ1, ಎ2 ಎಂದು ಇಳಿಕೆ ಕ್ರಮದಲ್ಲಿ ತರಗತಿಗೆ ಹಾಕುತ್ತಾರೆ. ಗೆದ್ದರೆ ಮೇಲಿನ ತರಗತಿ, ಸೋಲುತ್ತ ಬಂದರೆ ಕೆಳಗಿನದು. ಸಮಬಲದ ಆರು ನಾಯಿಗಳನ್ನು ಒಂದು ಓಟಕ್ಕೆ ಸೇರಿಸುವುದು ರೇಸಿಂಗ್ ಮ್ಯಾನೇಜರ್‌ನ ಹೊಣೆ. ಇದರ ಮೇಲಿನದು ಓಪನ್ ರೇಸ್. ಅಲ್ಲಿ ದೇಶದ ಯಾವ ಮೂಲೆಯ ನಾಯಿ ಬೇಕಾದರೂ ಬರಬಹುದು. ಡರ್ಬಿ ಅಂಥದ್ದು. ಟ್ರೇನರ್‌ಗೆ ಹೆಸರು ಬರುವುದು ಓಪನ್ ರೇಸಿನಿಂದ, ಮನೆ ನಡೆಯುವುದು ಗ್ರೇಡ್ ಓಟದಿಂದ.

ಲಿಸ್ಟರ್ ಪಳಗಿದ್ದು ಈ ಎರಡೂ ಅಲ್ಲದ ಮೂರನೆಯ ಜಾಗದಲ್ಲಿ. ಹಿಂದೆ ಬ್ರಿಟನ್ನಿನ ಊರೂರಲ್ಲಿ ಅಧಿಕೃತ ಮಂಡಳಿಯ ಲೈಸೆನ್ಸ್ ಇಲ್ಲದ ಸಣ್ಣ ಟ್ರ್ಯಾಕ್‌ಗಳಿದ್ದವು. ಅವಕ್ಕೆ ‘ಫ್ಲ್ಯಾಪಿಂಗ್’ ಟ್ರ್ಯಾಕ್ ಎನ್ನುತ್ತಿದ್ದರು. ಗಣಿ ಕಾರ್ಮಿಕರು, ಕೂಲಿಯವರು, ಸಣ್ಣ ರೈತರು ಮನೆಯ ಹಿತ್ತಲಲ್ಲಿ ಸಾಕಿದ ನಾಯಿಯನ್ನು ಸಂಜೆ ಹಗ್ಗ ಹಿಡಿದು ಕರೆತಂದು ಓಡಿಸುತ್ತಿದ್ದ ಜಾಗಗಳು. ಅಲ್ಲಿ ಪಶುವೈದ್ಯರ ಸಾಲು ಇರುತ್ತಿರಲಿಲ್ಲ, ದಾಖಲೆ ಪುಸ್ತಕಗಳೂ ಕಡಿಮೆ. ನಾಯಿಯನ್ನು ಓದುವುದಕ್ಕೆ ಕೈ ಮತ್ತು ಕಣ್ಣು ಬಿಟ್ಟರೆ ಬೇರೆ ಸಾಧನ ಇರಲಿಲ್ಲ. ಅಲ್ಲಿಂದ ಬಂದ ಲಿಸ್ಟರ್ ನಾಟಿಂಗ್‌ಹ್ಯಾಮ್‌ಶೈರಿನ ನ್ಯೂಆರ್ಕ್ ಬಳಿಯ ತಮ್ಮ ಕೆನಲ್‌ನಿಂದ, ಅಂದರೆ ನಾಯಿ ಸಾಕುವ ಜಾಗದಿಂದ, ದೇಶದ ಅತಿ ದೊಡ್ಡ ಪ್ರಶಸ್ತಿಗಳನ್ನು ಗೆದ್ದರು. ಬ್ರಿಟಿಷ್ ಸರಕಾರದ ಒಬಿಇ ಗೌರವವೂ ಅವರಿಗೆ ಸಂದಿತು.

ಕೆನಲ್‌ನ ಒಂದು ಬೆಳಗು ಹೇಗಿರುತ್ತದೆ ನೋಡಿ. ಸಾಲುಸಾಲು ಗೂಡು. ಒಂದೊಂದರಲ್ಲೂ ಸಾಮಾನ್ಯವಾಗಿ ಎರಡು ನಾಯಿ, ಒಂದು ಗಂಡು ಒಂದು ಹೆಣ್ಣು. ನೆಲಕ್ಕೆ ಚೂರುಮಾಡಿದ ಕಾಗದದ ಹಾಸಿಗೆ. ಬೆಳಕು ಹರಿಯುವ ಮೊದಲೇ ಕೆಲಸದವರು ಬಂದು ಬಾಗಿಲು ತೆರೆದು ನಾಯಿಗಳನ್ನು ಹುಲ್ಲಿನ ಅಂಗಳಕ್ಕೆ ಬಿಡುತ್ತಾರೆ. ಟ್ರೇನರ್ ಆಗ ಬೇಲಿಗೆ ಒರಗಿ ಸುಮ್ಮನೆ ನಿಂತಿರುತ್ತಾನೆ. ದೂರದಿಂದ ನೋಡಿದವರಿಗೆ ಸೋಮಾರಿ ಅನ್ನಿಸಬೇಕು, ಹಾಗೆ. ಅವನು ನೋಡುತ್ತಿರುವುದು ಯಾವ ನಾಯಿ ಮೊದಲ ಹೆಜ್ಜೆ ಹೇಗೆ ಇಟ್ಟಿತು ಎಂಬುದನ್ನು. ರಾತ್ರಿಯೆಲ್ಲ ಮಲಗಿ ಎದ್ದ ಮೈ ಸುಳ್ಳು ಹೇಳುವುದಿಲ್ಲ. ಒಂದೆರಡು ನಿಮಿಷ ಓಡಾಡಿ ಮೈ ಬಿಸಿಯಾದ ಮೇಲೆ ಕುಂಟು ಮಾಯವಾಗಿರುತ್ತದೆ. ಮಲ ಹೇಗಿದೆ, ಮೂತ್ರದ ಬಣ್ಣ ಏನು, ನಿನ್ನೆಯ ಊಟ ಬಟ್ಟಲಲ್ಲಿ ಎಷ್ಟು ಉಳಿದಿದೆ, ಇವೆಲ್ಲವನ್ನೂ ಅದೇ ಹೊತ್ತಿಗೆ ನೋಡಿಕೊಳ್ಳುತ್ತಾನೆ.

ಆಮೇಲೆ ಮೇಜಿನ ಸರದಿ. ನಾಯಿಯನ್ನು ಎತ್ತಿ ಎದೆಮಟ್ಟದ ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಮೂವತ್ತು ಕಿಲೋ ಆಸುಪಾಸಿನ ಪ್ರಾಣಿ, ಚರ್ಮದ ಅಡಿಯಲ್ಲಿ ಕೊಬ್ಬು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಒಂದೊಂದು ಸ್ನಾಯುವೂ ಹಗ್ಗದ ಹುರಿಯಂತೆ ಬಿಡಿಬಿಡಿಯಾಗಿ ಕೈಗೆ ಸಿಗುತ್ತದೆ. ಟ್ರೇನರ್ ಕುತ್ತಿಗೆಯಿಂದ ಶುರುಮಾಡಿ ಹೆಬ್ಬೆರಳಿನಲ್ಲಿ ಒತ್ತುತ್ತ ಭುಜಕ್ಕೆ, ಬೆನ್ನಿಗೆ, ತೊಡೆಗೆ ಬರುತ್ತಾನೆ. ಎಡ ಮತ್ತು ಬಲ ತೊಡೆಯನ್ನು ಎರಡು ಕೈಯಲ್ಲಿ ಒಟ್ಟಿಗೆ ಹಿಡಿದು ಹೋಲಿಸುತ್ತಾನೆ. ಎಲ್ಲೋ ಒಂದು ಕಡೆ ನಾಯಿಯ ಚರ್ಮ ಸಣ್ಣಗೆ ಅದುರುತ್ತದೆ, ನೊಣ ಕೂತಾಗ ಹಸುವಿನ ಮೈ ಅದುರುವ ಹಾಗೆ. ಅಷ್ಟೇ ಸೂಚನೆ. ಅಲ್ಲಿ ಹೆಬ್ಬೆರಳು ನಿಲ್ಲುತ್ತದೆ, ಮತ್ತೊಮ್ಮೆ ಒತ್ತಿ ನೋಡುತ್ತದೆ. ನಂತರ ಒಂದೊಂದು ಬೆರಳನ್ನೂ ಬಿಡಿಸಿ ಉಗುರಿನ ಬುಡ, ಬೆರಳ ನಡುವಿನ ತೆಳು ಚರ್ಮ ನೋಡಬೇಕು. ಮರಳಿನಲ್ಲಿ ಓಡಿದ ನಾಯಿಗೆ ಆ ಚರ್ಮ ಸೀಳುವುದು ಸಾಮಾನ್ಯ. ಬೆರಳ ಸಂದಿಯಲ್ಲಿ ಒಂದು ಕಾಳು ಮರಳು ಉಳಿದರೂ ಮುಂದಿನ ಓಟಕ್ಕೆ ಅದೇ ಹುಣ್ಣು.

ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದಕ್ಕೂ ಲೆಕ್ಕವಿದೆ. ನಾವು ವೇಗವಾಗಿ ಓಡುತ್ತ ತಿರುವಿನಲ್ಲಿ ಬಂದರೆ ತಾನಾಗಿ ನಿಧಾನವಾಗುತ್ತೇವೆ, ಕಾಲು ಆ ಭಾರ ತಡೆಯುವುದಿಲ್ಲ. ಗ್ರೇಹೌಂಡ್ ನಿಧಾನವಾಗುವುದಿಲ್ಲ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2005ರಲ್ಲಿ ಇದನ್ನು ಅಳೆದು ತೋರಿಸಿದರು: ತಿರುವಿನಲ್ಲಿ ಕಾಲುಗಳ ಮೇಲಿನ ಬಲ ಸುಮಾರು 65 ಶೇಕಡಾ ಹೆಚ್ಚಿದರೂ ನಾಯಿ ಅದೇ ವೇಗದಲ್ಲಿ ಸಾಗುತ್ತದೆ. ಅಂದರೆ ಆ ಹೊರೆಯೆಲ್ಲ ಮೂಳೆಗೆ. ಓಟ ಯಾವಾಗಲೂ ಎಡಕ್ಕೇ ತಿರುಗುವುದರಿಂದ ಮೈ ಎಡಕ್ಕೆ ವಾಲುತ್ತದೆ, ಬಲ ಹಿಂಗಾಲಿನ ಹಿಮ್ಮಡಿ ಕೀಲಿನೊಳಗಿನ ಒಂದು ಪುಟ್ಟ ಮೂಳೆ ಸಲಸಲವೂ ಹಿಂಡಿದಂತಾಗುತ್ತದೆ. ರೇಸ್ ನಾಯಿಗಳಲ್ಲಿ ಅತಿ ಹೆಚ್ಚು ಮುರಿಯುವ ಮೂಳೆಗಳಲ್ಲಿ ಅದೂ ಒಂದು, ಅದೂ ಹೆಚ್ಚಾಗಿ ಬಲಗಾಲಿನದೇ. ಅದು ಒಮ್ಮೆಲೇ ಮುರಿಯುವುದಿಲ್ಲ ಎನ್ನುವುದು ಮುಖ್ಯ. ಮೊದಲು ಕೂದಲೆಳೆಯ ಬಿರುಕು, ಕೊಂಚ ಬಿಸಿ, ಕೊಂಚ ಊತ. ಬೆಳಗಿನ ಬೆಂಚಿನ ಮೇಲೆ ಆ ಬಿಸಿಯನ್ನು ಕೈ ಗುರುತಿಸಿದರೆ ನಾಯಿ ಕೆಲವು ವಾರ ಮನೆಯಲ್ಲಿ ಉಳಿಯುತ್ತದೆ. ಗುರುತಿಸದಿದ್ದರೆ, ಇಲ್ಲವೇ ಗುರುತಿಸಿಯೂ ಟ್ರ್ಯಾಕಿಗೆ ನಾಯಿ ಒದಗಿಸಬೇಕಾದ ಒತ್ತಡಕ್ಕೆ ಮಣಿದರೆ, ಸಂಜೆಯ ಮೊದಲ ತಿರುವಿನಲ್ಲೇ ಕಥೆ ಮುಗಿಯಬಹುದು. ಟ್ರೇನರ್‌ನ ವೃತ್ತಿಜೀವನ ಎಂಥದ್ದಾಗಿತ್ತು ಎಂಬುದಕ್ಕೆ ಟ್ರೋಫಿಗಳಿಗಿಂತ ಈ ನಿರ್ಧಾರಗಳೇ ಹೆಚ್ಚು ಸಾಕ್ಷಿ ಎನ್ನುತ್ತೇನೆ. ಆದರೆ ಓಡಿಸದೆ ಉಳಿಸಿದ ನಾಯಿಯ ಲೆಕ್ಕ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ತೂಕದ ಮಾತು. ಓಟಕ್ಕೆ ಮುಂಚೆ ಟ್ರ್ಯಾಕಿನಲ್ಲಿ ನಾಯಿಯನ್ನು ತೂಗುತ್ತಾರೆ. ಹಿಂದಿನ ಓಟದ ತೂಕಕ್ಕಿಂತ ಒಂದು ಕಿಲೋಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ದಿನ ಓಟವಿಲ್ಲ. ನಾಯಿಗೆ ಹೊಟ್ಟೆತುಂಬ ತಿನ್ನಿಸಿ ಬೇಕೆಂದೇ ಸೋಲಿಸಿ, ಕೆಳ ಗ್ರೇಡಿಗೆ ಇಳಿಸಿ, ಮುಂದಿನ ಸಲ ಪಣ ಕಟ್ಟಿ ಗೆಲ್ಲಿಸುವ ಹಳೆಯ ಚಾಳಿಯನ್ನು ತಡೆಯಲು ಇಂಥ ನಿಯಮಗಳು ಬೇಕಾದವು. ಪ್ರಾಮಾಣಿಕ ಟ್ರೇನರ್‌ಗೂ ಇದು ಬಿಗಿ ಹಗ್ಗದ ಮೇಲಿನ ನಡಿಗೆಯೇ. ಮಾಂಸ, ಒಣಗಿಸಿದ ಬ್ರೆಡ್, ತರಕಾರಿ ಬೇಯಿಸಿದ ರಸ, ಎಲ್ಲವನ್ನೂ ನಾಯಿ ನಾಯಿಗೆ ಬೇರೆ ಬೇರೆಯಾಗಿ ಅಳೆದು ಹಾಕಬೇಕು. ಮೂತ್ರ ಪರೀಕ್ಷೆಯಲ್ಲಿ ನಿಷೇಧಿತ ಅಂಶ ಸಿಕ್ಕರೆ, ಅದು ಹೇಗೆ ಬಂತು ಎಂಬುದು ಆಮೇಲಿನ ಮಾತು, ಹೊಣೆ ಮಾತ್ರ ಟ್ರೇನರ್‌ನದೇ. ಚಾಕೊಲೇಟ್ ತುಂಡು ತಿಂದಿದ್ದರೂ ತೊಂದರೆ. ನಾವು ಪಾಯಸಕ್ಕೆ ಹಾಕುವ ಗಸಗಸೆಯಲ್ಲೂ ಅತಿ ಸಣ್ಣ ಪ್ರಮಾಣದ ಮಾರ್ಫಿನ್ ಇರುತ್ತದೆ, ಗಸಗಸೆ ಉದುರಿಸಿದ ಬ್ರೆಡ್ ನಾಯಿಯ ಬಟ್ಟಲಿಗೆ ಬಿದ್ದರೆ ಲೈಸೆನ್ಸಿಗೇ ಕುತ್ತು ಬರಬಹುದು.

ಇಷ್ಟೆಲ್ಲ ಆದ ಮೇಲೂ ಉಳಿಯುವುದು ನಾಯಿಯ ಸ್ವಭಾವ ಓದುವ ಕೆಲಸ. ಆರೂ ನಾಯಿ ಒಂದೇ ಬಗೆಯಲ್ಲಿ ಓಡುವುದಿಲ್ಲ. ಕೆಲವು ಟ್ರ್ಯಾಕಿನ ಒಳ ಅಂಚಿಗೆ ಅಂಟಿಕೊಂಡೇ ಓಡುತ್ತವೆ, ಕೆಲವು ನಡುವೆ, ಕೆಲವಕ್ಕೆ ಹೊರ ಅಂಚೇ ಬೇಕು. ಹೊರಗೆ ಓಡುವ ನಾಯಿಯನ್ನು ಒಂದನೇ ಟ್ರಾಪಿಗೆ ಹಾಕಿದರೆ ಅದು ಮೊದಲ ತಿರುವಿಗೆ ಬರುವಷ್ಟರಲ್ಲಿ ಉಳಿದ ಐದಕ್ಕೂ ಅಡ್ಡ ಬರುತ್ತದೆ. ತನ್ನ ನಾಯಿ ಯಾವ ಬಗೆಯದು ಎಂದು ಟ್ರೇನರ್ ಮರಿಯ ಕಾಲದಿಂದ ನೋಡಿ ತಿಳಿದಿರಬೇಕು, ಮ್ಯಾನೇಜರ್‌ಗೆ ಸರಿಯಾಗಿ ತಿಳಿಸಿರಬೇಕು.

ಇದಕ್ಕೆ ಅತಿ ಪ್ರಸಿದ್ಧ ಉದಾಹರಣೆ ಮಿಕ್ ದ ಮಿಲ್ಲರ್. ಐರ್ಲೆಂಡಿನ ಕಿಲ್ಲೀ ಎಂಬ ಹಳ್ಳಿಯ ಪಾದ್ರಿ ಮಾರ್ಟಿನ್ ಬ್ರೋಫಿ ಅವರ ಮನೆಯ ನಾಯಿ. ಮರಿಯಾಗಿದ್ದಾಗ ಡಿಸ್ಟೆಂಪರ್ ಕಾಯಿಲೆ ಬಂದು ಸಾವಿನ ಅಂಚಿಗೆ ಹೋಗಿ ಉಳಿದುಕೊಂಡಿತು. 1929ರಲ್ಲಿ ವೈಟ್ ಸಿಟಿಗೆ ಬಂದು 525 ಗಜವನ್ನು 29.82 ಸೆಕೆಂಡಿನಲ್ಲಿ ಓಡಿತು. ಆ ದೂರವನ್ನು ಮೂವತ್ತು ಸೆಕೆಂಡಿನ ಒಳಗೆ ಓಡಿದ ಮೊದಲ ನಾಯಿ ಅದು. ಆ ವರ್ಷ ಡರ್ಬಿ ಗೆದ್ದಿತು. ನಂತರ ವಿಂಬಲ್ಡನ್ನಿನ ಟ್ರೇನರ್ ಸಿಡ್ನಿ ಆರ್ಟನ್ ಅವರ ಕೈಗೆ ಬಂದು 1930ರಲ್ಲೂ ಗೆದ್ದಿತು. ನೋಡಿದವರೆಲ್ಲ ಹೇಳಿದ್ದು ಒಂದೇ: ಅದು ಎಲ್ಲಕ್ಕಿಂತ ವೇಗದ ನಾಯಿಯಾಗಿರಲಿಲ್ಲ, ಎಲ್ಲಕ್ಕಿಂತ ಜಾಣ ನಾಯಿಯಾಗಿತ್ತು. ತಿರುವಿನಲ್ಲಿ ಮುಂದಿನವು ಡಿಕ್ಕಿ ಹೊಡೆದುಕೊಳ್ಳುವುದನ್ನು ಕಾದು, ಸಂದಿ ತೆರೆದ ಕ್ಷಣ ನುಗ್ಗುತ್ತಿತ್ತು. 1931ರ ಡರ್ಬಿ ಫೈನಲ್‌ನಲ್ಲಿ ಮೊದಲು ಬಂದರೂ ಬೇರೊಂದು ನಾಯಿ ಜಗಳಕ್ಕಿಳಿದ ಕಾರಣ ಓಟವನ್ನೇ ರದ್ದು ಮಾಡಿ ಮತ್ತೆ ಓಡಿಸಿದರು, ಮರು ಓಟದಲ್ಲಿ ಸೋತಿತು. ಆರ್ಟನ್ ಅದನ್ನು ಅಷ್ಟಕ್ಕೇ ಬಿಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಅದೇ ವರ್ಷದ ಶರತ್ಕಾಲದಲ್ಲಿ, ಐದು ವರ್ಷ ದಾಟಿದ ಆ ನಾಯಿಯನ್ನು ವೆಂಬ್ಲಿಯ ಸೇಂಟ್ ಲೆಜರ್ ಓಟಕ್ಕೆ ಸಿದ್ಧಮಾಡಿ ಗೆಲ್ಲಿಸಿ, ಆಮೇಲೆ ನಿವೃತ್ತಿ ಕೊಟ್ಟರು. ಸತ್ತ ಮೇಲೆ ಅದರ ದೇಹವನ್ನು ಕಾಪಿಟ್ಟಿದ್ದಾರೆ. ಇಂಗ್ಲೆಂಡಿನ ಟ್ರಿಂಗ್ ಎಂಬ ಊರಿನ ನಿಸರ್ಗ ವಸ್ತುಸಂಗ್ರಹಾಲಯದಲ್ಲಿ ಇವತ್ತಿಗೂ ಗಾಜಿನ ಹಿಂದೆ ನಿಂತಿದೆ.

ಡರ್ಬಿ ಯಾಕೆ ಟ್ರೇನರ್‌ನ ಪರೀಕ್ಷೆ ಅನ್ನಿಸಿಕೊಳ್ಳುತ್ತದೆ ಎಂಬುದನ್ನು ಈಗ ಹೇಳಬಹುದು. ನೂರಕ್ಕೂ ಹೆಚ್ಚು ನಾಯಿ ಸೇರುತ್ತವೆ. ವಾರವಾರವೂ ಸುತ್ತು. ಪ್ರತಿ ಓಟದಲ್ಲಿ ಮೊದಲ ಮೂರು ನಾಯಿ ಮುಂದಿನ ಸುತ್ತಿಗೆ, ಉಳಿದ ಮೂರು ಮನೆಗೆ. ಕೊನೆಯ ಶನಿವಾರಕ್ಕೆ ಆರು ಉಳಿಯುತ್ತವೆ. ಮೊದಲ ವಾರ ದಾಖಲೆ ಸಮಯದಲ್ಲಿ ಓಡಿ ಜನರ ಬಾಯಲ್ಲಿ ಹೆಸರಾದ ನಾಯಿ ಮೂರನೇ ವಾರ ಬಳಲಿ ಬಿದ್ದುಹೋಗುವುದು ಪ್ರತಿ ವರ್ಷದ ಕಥೆ. ಅನುಭವಿ ಟ್ರೇನರ್‌ಗೆ ಮೊದಲ ಸುತ್ತಿನಲ್ಲಿ ಮೂರನೇ ಸ್ಥಾನ ಸಾಕು. ಎರಡು ಸುತ್ತಿನ ನಡುವೆ ಜೋರು ಓಟದ ಅಭ್ಯಾಸ ಇಲ್ಲ, ಸುಮ್ಮನೆ ನಡೆಸುವುದು, ಮೈ ತಿಕ್ಕುವುದು, ಮಲಗಿಸುವುದು. ಕೊನೆಯ ಶನಿವಾರ ನಾಯಿಯ ಮೈಯಲ್ಲಿ ಇನ್ನೂ ಒಂದು ಓಟ ಉಳಿದಿರಬೇಕು.

ಲಿಸ್ಟರ್ ಈ ಲೆಕ್ಕದಲ್ಲಿ ನಿಸ್ಸೀಮರು. 1997ರಲ್ಲಿ ಸಮ್ ಪಿಕ್ಚರ್, 2000 ಮತ್ತು 2001ರಲ್ಲಿ ರ‍್ಯಾಪಿಡ್ ರೇಂಜರ್, 2003ರಲ್ಲಿ ಫಾರ್ಲೋ ವರ್ಡಿಕ್ಟ್, 2010ರಲ್ಲಿ ಬ್ಯಾಂಡಿಕೂಟ್ ಟಿಪೋಕಿ, 2011ರಲ್ಲಿ ಟೇಲರ್ಸ್ ಸ್ಕೈ, 2013ರಲ್ಲಿ ಸಿಡಾಜ್ ಜ್ಯಾಕ್. ಅವರಿಗೆ ಮುಂಚೆ ಹೆಚ್ಚು ಡರ್ಬಿ ಗೆದ್ದವರು ಲೆಸ್ಲಿ ರೆನಲ್ಡ್ಸ್, 1948ರಿಂದ 1954ರ ನಡುವೆ ಐದು. ಈ ಪಟ್ಟಿಯಲ್ಲಿ ನನಗೆ ದೊಡ್ಡದೆನಿಸುವುದು ಏಳು ಎಂಬ ಸಂಖ್ಯೆಯಲ್ಲ, 2001. ಗೆದ್ದ ನಾಯಿಯನ್ನು ಹನ್ನೆರಡು ತಿಂಗಳು ಮೂಳೆ ಮುರಿಯದಂತೆ, ಮನಸ್ಸು ಬೇಸರಿಸದಂತೆ ಕಾಪಾಡಿ, ಮತ್ತೆ ಅದೇ ಐದಾರು ವಾರದ ಸುತ್ತುಗಳನ್ನು ದಾಟಿಸುವುದು ಎಷ್ಟು ಕಷ್ಟ ಎಂದರೆ, ಡರ್ಬಿಯ ಇತಿಹಾಸದಲ್ಲಿ ಎರಡು ಸಲ ಗೆದ್ದ ನಾಯಿಗಳು ನಾಲ್ಕೇ: ಮಿಕ್ ದ ಮಿಲ್ಲರ್, 1972 ಮತ್ತು 1973ರಲ್ಲಿ ಪೆಟ್ರೀಷಿಯಾಸ್ ಹೋಪ್, ರ‍್ಯಾಪಿಡ್ ರೇಂಜರ್, ಆಮೇಲೆ ವೆಸ್ಟ್‌ಮೀಡ್ ಹಾಕ್.

ವೆಸ್ಟ್‌ಮೀಡ್ ಹಾಕ್‌ನ ಟ್ರೇನರ್ ನಿಕ್ ಸಾವಾ. ಲಿಸ್ಟರ್ ಅವರ ದಾರಿಯೇ ಬೇರೆ, ಇವರ ದಾರಿಯೇ ಬೇರೆ. ಬ್ರಿಟನ್ನಿನಲ್ಲಿ ಓಡುವ ಹೆಚ್ಚಿನ ನಾಯಿಗಳು ಐರ್ಲೆಂಡಿನಲ್ಲಿ ಹುಟ್ಟಿದವು. ಮಾಲೀಕರು ಅಲ್ಲಿಂದ ಕೊಂಡು ತಂದು ಟ್ರೇನರ್ ಬಳಿ ಬಿಡುತ್ತಾರೆ. ಸೈಪ್ರಸ್‌ನಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದ ಸಾವಾ, ಡನ್‌ಸ್ಟೇಬಲ್ ಪಟ್ಟಣದ ಹತ್ತಿರ ಹೆಂಡತಿ ನ್ಯಾಟಲಿ ಜೊತೆ ತಾವೇ ಮರಿ ಮಾಡಿಸಿ, ತಮ್ಮ ಹೊಲದಲ್ಲೇ ಬೆಳೆಸಿದರು. ‘ವೆಸ್ಟ್‌ಮೀಡ್’ ಎಂದು ಶುರುವಾಗುವ ಹೆಸರಿನ ನಾಯಿಗಳೆಲ್ಲ ಆ ಮನೆಯವು. ಈ ದಾರಿಯಲ್ಲಿ ಎಷ್ಟು ತಾಳ್ಮೆ ಬೇಕು ನೋಡಿ. ಗರ್ಭ ಒಂಬತ್ತು ವಾರ. ಹುಟ್ಟಿದ ಮರಿ ಹದಿನೈದು ತಿಂಗಳು ತುಂಬುವ ತನಕ ರೇಸಿಗೆ ಇಳಿಯುವಂತಿಲ್ಲ. ಡರ್ಬಿಯ ಮಟ್ಟಕ್ಕೆ ಬರುವುದು ಎರಡು ವರ್ಷ ದಾಟಿದ ಮೇಲೆ. ಅಷ್ಟು ದಿನ ಆದಾಯವಿಲ್ಲ, ಖರ್ಚು ಮಾತ್ರ. ಒಂದು ಸೂಲಿನ ಏಳೆಂಟು ಮರಿಯಲ್ಲಿ ಒಂದು ಚೆನ್ನಾಗಿ ಓಡಿದರೆ ಪುಣ್ಯ. ನಮ್ಮಲ್ಲಿ ತೆಂಗಿನ ಸಸಿ ನೆಟ್ಟು ಕಾಯುವವರಿಗೆ ಈ ಲೆಕ್ಕ ಅರ್ಥವಾಗುತ್ತದೆ.

ಸಾವಾ ಅವರ ಹಾಕ್ ಓಟ ನೋಡುವವರ ಎದೆ ಬಾಯಿಗೆ ಬರಿಸುತ್ತಿತ್ತು. ಟ್ರಾಪ್ ತೆರೆದಾಗ ನಿಧಾನ. ಮೊದಲ ತಿರುವಿನಲ್ಲಿ ಹಿಂದೆ. ಎದುರಿನ ನೇರ ದಾರಿಯಲ್ಲಿ ಒಂದೊಂದನ್ನೇ ದಾಟಿ, ಕೊನೆಯ ಕೆಲವು ಗಜಗಳಲ್ಲಿ ಮುಂದೆ. ಹೀಗೆ ಓಡುವ ನಾಯಿಯನ್ನು ಬೇಗ ಹೊರಡುವಂತೆ ತಿದ್ದಲು ಎಷ್ಟು ಜನ ಕೈಹಾಕಿ ಕೆಡಿಸಿಲ್ಲ! ಸಾವಾ ಆ ಸ್ವಭಾವದ ಮೇಲೆ ನಂಬಿಕೆಯಿಟ್ಟರು. 2005ರಲ್ಲಿ ಡರ್ಬಿ, 2006ರಲ್ಲಿ ಮತ್ತೆ ಡರ್ಬಿ. 2007ರಲ್ಲಿ ಅದೇ ಮನೆಯ ವೆಸ್ಟ್‌ಮೀಡ್ ಲಾರ್ಡ್ ಗೆದ್ದು ಸತತ ಮೂರನೆಯದನ್ನೂ ತಂದಿತು. ಅದಕ್ಕೂ ಮೊದಲು ಅವರ ಟಾಮ್ಸ್ ದ ಬೆಸ್ಟ್ 1997ರಲ್ಲಿ ಐರಿಷ್ ಡರ್ಬಿಯನ್ನೂ 1998ರಲ್ಲಿ ಇಂಗ್ಲಿಷ್ ಡರ್ಬಿಯನ್ನೂ ಗೆದ್ದಿತ್ತು. ಹಾಕ್‌ನ ಮೇಣದ ಪ್ರತಿಮೆಯನ್ನು ಮೇಡಂ ಟುಸಾಡ್ಸ್‌ನಲ್ಲಿ ಇಟ್ಟರು.

ಈ ಕಸುಬಿನ ಕತ್ತಲೆಯ ಭಾಗವನ್ನು ಹೇಳದೆ ಟ್ರೇನರ್‌ಗಳನ್ನು ಹೊಗಳಿದರೆ ಅದು ಅರ್ಧ ಸತ್ಯವಾಗುತ್ತದೆ. ಒಂದು ಸೂಲಿನಲ್ಲಿ ಒಂದೇ ಚೆನ್ನಾಗಿ ಓಡಿದರೆ ಉಳಿದವು ಏನಾಗುತ್ತವೆ? ಗ್ರೇಹೌಂಡ್ ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿ. ರೇಸಿನ ಆಯಸ್ಸು ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ. ಹಿಂದೆ ಬೇಡವಾದ ನಾಯಿಗಳನ್ನು ಕೊಲ್ಲಿಸುತ್ತಿದ್ದುದು ಯಾರಿಗೂ ಗೊತ್ತಿಲ್ಲದ ಗುಟ್ಟಾಗಿರಲಿಲ್ಲ. ಆಸ್ಟ್ರೇಲಿಯಾದಲ್ಲಿ 2015ರಲ್ಲಿ ಇನ್ನೊಂದು ಘೋರ ಹೊರಬಿತ್ತು: ಕೆಲವು ಟ್ರೇನರ್‌ಗಳು ನಾಯಿಗೆ ಹುರುಪು ಬರಲೆಂದು ಜೀವಂತ ಪ್ರಾಣಿಗಳನ್ನು ಯಂತ್ರಕ್ಕೆ ಕಟ್ಟಿ ಅಭ್ಯಾಸ ಮಾಡಿಸುತ್ತಿದ್ದರು. ಹಲವರಿಗೆ ಜೀವಮಾನದ ನಿಷೇಧವಾಯಿತು. ನ್ಯೂ ಸೌತ್ ವೇಲ್ಸ್ ಸರಕಾರ 2016ರಲ್ಲಿ ರೇಸನ್ನೇ ನಿಲ್ಲಿಸುವುದಾಗಿ ಘೋಷಿಸಿ, ಕೆಲವೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಓಡಲು ಹುಟ್ಟಿದ ನಾಯಿಗೆ ಹುರುಪು ತುಂಬಲು ಇನ್ನೊಂದು ಜೀವವನ್ನು ಹಿಂಸಿಸಬೇಕಾಯಿತು ಎಂದರೆ ಆ ಮನುಷ್ಯನಿಗೆ ನಾಯಿಯೂ ಅರ್ಥವಾಗಿರಲಿಲ್ಲ, ಕಸುಬೂ ಅರ್ಥವಾಗಿರಲಿಲ್ಲ.

ಬ್ರಿಟನ್ನಿನ ಗ್ರೇಹೌಂಡ್ ರೇಸ್ ಮಂಡಳಿ 2018ರಿಂದ ಗಾಯ, ಸಾವು, ನಿವೃತ್ತಿಯ ಅಂಕಿಅಂಶ ಪ್ರಕಟಿಸಲು ಶುರುಮಾಡಿತು. 2020ರಲ್ಲಿ ಒಂದು ಯೋಜನೆ ಬಂತು: ನಾಯಿಯನ್ನು ರೇಸಿಗೆ ನೋಂದಾಯಿಸುವಾಗಲೇ ಮಾಲೀಕರು ಮತ್ತು ಮಂಡಳಿ ಸೇರಿ ಠೇವಣಿ (ಶುರುವಿನಲ್ಲಿ 400 ಪೌಂಡ್) ಇಡಬೇಕು, ನಿವೃತ್ತಿಯಾದ ಮೇಲೆ ಅದು ನಾಯಿಗೆ ಮನೆ ಹುಡುಕುವ ಸಂಸ್ಥೆಗೆ ಸೇರುತ್ತದೆ. ಒಳ್ಳೆಯ ಹೆಜ್ಜೆಯೇ. ಆದರೆ ಪ್ರಾಣಿಪ್ರಿಯರ ಪ್ರಶ್ನೆ ಇನ್ನೂ ಮೂಲದ್ದು, ಆ ತಿರುವೇ ಇರುವ ತನಕ ಮೂಳೆ ಮುರಿಯುತ್ತಲೇ ಇರುತ್ತದಲ್ಲ ಎಂಬುದು. ಆ ಪ್ರಶ್ನೆಗೆ ಟ್ರೇನರ್‌ಗಳ ಬಳಿ ಪೂರ್ತಿ ಉತ್ತರವಿಲ್ಲ, ನನ್ನ ಬಳಿಯೂ ಇಲ್ಲ.

ಉತ್ತರವನ್ನು ಒಂದೊಂದೇ ದೇಶ ತನ್ನ ರೀತಿಯಲ್ಲಿ ಕೊಡುತ್ತಿದೆ. ಅಮೆರಿಕದ ಫ್ಲೋರಿಡಾದ ಮತದಾರರು 2018ರಲ್ಲಿ ಬೇಡ ಎಂದರು, 2020ರ ಕೊನೆಗೆ ಅಲ್ಲಿ ಓಟ ನಿಂತಿತು. ನ್ಯೂಜಿಲೆಂಡ್ 2024ರ ಡಿಸೆಂಬರಿನಲ್ಲಿ, ವೇಲ್ಸ್ 2025ರ ಫೆಬ್ರುವರಿಯಲ್ಲಿ ನಿಷೇಧದ ನಿರ್ಧಾರ ಪ್ರಕಟಿಸಿದವು. ಲಂಡನ್ನಿನ ನಾಯಿ ಓಟದ ಟ್ರ್ಯಾಕ್‌ಗಳಲ್ಲಿ ವೈಟ್ ಸಿಟಿ 1984ರಲ್ಲಿ, ವಾಲ್ಥಮ್‌ಸ್ಟೋ 2008ರಲ್ಲಿ, ಲಿಸ್ಟರ್ ಮತ್ತು ಸಾವಾ ತಮ್ಮ ಇಂಗ್ಲಿಷ್ ಡರ್ಬಿಗಳನ್ನೆಲ್ಲ ಗೆದ್ದ ವಿಂಬಲ್ಡನ್ 2017ರಲ್ಲಿ ಮುಚ್ಚಿದವು. 2025ರ ಜನವರಿಯಲ್ಲಿ ಕ್ರೇಫರ್ಡ್ ಕೂಡ ಮುಚ್ಚಿದ ಮೇಲೆ ಆ ಮಹಾನಗರದಲ್ಲಿ ಉಳಿದದ್ದು ರಾಮ್‌ಫರ್ಡ್ ಒಂದೇ. ಫ್ಲ್ಯಾಪಿಂಗ್ ಟ್ರ್ಯಾಕ್‌ಗಳಂತೂ ಹೇಳಹೆಸರಿಲ್ಲದಂತಾಗಿವೆ. ಬೆಳಗಿನ ಬೇಲಿಗೆ ಒರಗಿ ನಿಂತು ಮೊದಲ ಹೆಜ್ಜೆ ನೋಡುವ ಕಣ್ಣು ಇನ್ನು ಮುಂದೆ ಯಾರಿಂದ ಯಾರಿಗೆ ದಾಟಬೇಕು?

ಇಂಗ್ಲೆಂಡಿನಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ನಮ್ಮವರು ಪಾರ್ಕಿನಲ್ಲಿ ಈ ನಾಯಿಗಳನ್ನು ಕಂಡಿರುತ್ತಾರೆ. ಚಳಿಗೆ ಕೋಟು ತೊಟ್ಟು, ಕುತ್ತಿಗೆಗೆ ನಾಲ್ಕು ಬೆರಳು ಅಗಲದ ಪಟ್ಟಿ ಹಾಕಿಕೊಂಡು, ಯಾರೋ ಅಜ್ಜಿಯ ಪಕ್ಕ ತಲೆ ತಗ್ಗಿಸಿ ನಡೆಯುತ್ತಿರುತ್ತದೆ. ಅದರ ತಲೆ ಕುತ್ತಿಗೆಗಿಂತ ಸಣ್ಣದು, ಸಾಮಾನ್ಯ ಪಟ್ಟಿ ಹಾಕಿದರೆ ಜಾರಿ ಹೋಗುತ್ತದೆ, ಅದಕ್ಕೇ ಆ ಅಗಲ ಪಟ್ಟಿ. ಕಿವಿಯನ್ನು ಮೆಲ್ಲಗೆ ಮಡಚಿ ನೋಡಿದರೆ ಒಳಗೆ ಮಾಸಿದ ಹಸಿರು ಹಚ್ಚೆಯಲ್ಲಿ ಅಕ್ಷರಗಳಿರುತ್ತವೆ, ರೇಸಿನ ಗುರುತು. ಇಂಥ ನಾಯಿಯನ್ನು ಮನೆಗೆ ತಂದವರು ಮೊದಲ ವಾರ ಒಂದು ವಿಚಿತ್ರ ನೋಡುತ್ತಾರೆ. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡಿದ ಪ್ರಾಣಿ ಮೆಟ್ಟಿಲ ಬುಡದಲ್ಲಿ ನಿಂತು ನಡುಗುತ್ತದೆ. ಕೆನಲ್‌ನಲ್ಲಿ ಬೆಳೆದ ಅದು ಅಂಥದ್ದನ್ನು ಹತ್ತಿಯೇ ಇರುವುದಿಲ್ಲ. ಹಿಂದಿನಿಂದ ಒಬ್ಬರು ಸೊಂಟಕ್ಕೆ ಕೈ ಕೊಟ್ಟು, ಬಲಗಾಲು ಎತ್ತಿ ಮೊದಲ ಮೆಟ್ಟಿಲ ಮೇಲೆ ಇಟ್ಟು, ಆಮೇಲೆ ಎಡಗಾಲು, ಹೀಗೆ ಒಂದೊಂದೇ ಹತ್ತಿಸಬೇಕು.